ಸೆಕೆಂಡಿಗೆ 30 ಅಕ್ಷರ

ಕೆಲಸಕ್ಕೆ ಸೇರಿದ ಎರಡನೇ ವಾರ. ಸರ್ವರ್‌ನ ಒಂದು ಫೈಲಿನಲ್ಲಿ 4 ಎಂದಿದ್ದುದನ್ನು 8 ಮಾಡಬೇಕಿತ್ತು, ಅಷ್ಟೇ. ಪಕ್ಕದ ಸೀಟಿನವರು ಹೇಳಿಕೊಟ್ಟಂತೆ ಕಪ್ಪು ಟರ್ಮಿನಲ್‌ನಲ್ಲಿ ‘ವಿಐ’ ಎಂದು ಟೈಪಿಸಿ ಫೈಲಿನ ಹೆಸರು ಕೊಟ್ಟೆ. ತೆರೆಯಿತು. 8 ಒತ್ತಿದೆ, ಏನೂ ಮೂಡಲಿಲ್ಲ. ಡಿಲೀಟ್ ಇರಬಹುದೇನೋ ಎಂದು ಡಿ ಒತ್ತಿದೆ, ಆಗಲೂ ಇಲ್ಲ. ಇನ್ನೊಂದು ಸಲ ಡಿ ಒತ್ತಿದ್ದೇ ತಡ, ಎಂಟು ಸಾಲು ಮಾಯ! ಹೊರಗೆ ಬರೋಣವೆಂದರೆ ಬಾಗಿಲೇ ಕಾಣದು. ವಿಂಡೋವನ್ನೇ ಮುಚ್ಚಿ ಕಾಫಿಗೆ ಎದ್ದುಹೋದೆ.

ಫೈಲು ತಿದ್ದುವ ಆ ‘ವಿಐ’ ಎಂಬ ಎಡಿಟರ್ ತಪ್ಪೇನೂ ಮಾಡಿರಲಿಲ್ಲ. 8 ಎಂದರೆ ಎಂಟು, ಎರಡು ಡಿ ಎಂದರೆ ಸಾಲು ಅಳಿಸು. ನಾನು ಹೇಳಿದ್ದನ್ನೇ ಮಾಡಿತ್ತು. ಬಾಗಿಲೂ ಇತ್ತು: ಎಸ್ಕೇಪ್, ಕೋಲನ್, ಕ್ಯೂ, ಆಶ್ಚರ್ಯಸೂಚಕ ಚಿಹ್ನೆ. ಈ ಬಾಗಿಲು ಹುಡುಕುತ್ತ ಸ್ಟಾಕ್ ಓವರ್‌ಫ್ಲೋ ತಾಣದ ಒಂದೇ ಪ್ರಶ್ನೆಗೆ ಬಂದವರ ಲೆಕ್ಕ 2017ರಲ್ಲೇ 10 ಲಕ್ಷ ದಾಟಿತ್ತು ಎಂದು ತಿಳಿದಾಗ ನನಗೆ ಸಮಾಧಾನವೇ ಆಯಿತು.

ಅಕ್ಷರ ಒತ್ತಿದರೆ ಅಕ್ಷರ ಮೂಡದ ಎಡಿಟರನ್ನು ಯಾರಾದರೂ ಯಾಕೆ ಮಾಡುತ್ತಾರೆ? ಉತ್ತರ ಹುಡುಕಲು 1969ಕ್ಕೆ, ಅಮೆರಿಕದ ಬೆಲ್ ಲ್ಯಾಬ್ಸ್‌ಗೆ ಹೋಗಬೇಕು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದ ಕೆನ್ ಥಾಂಪ್ಸನ್ ಅದರ ಜೊತೆಗೇ ‘ಇಡಿ’ ಎಂಬ ಎಡಿಟರ್ ಬರೆದರು. ಅಲ್ಲಿನವರ ಮುಂದೆ ಇದ್ದದ್ದು ಪರದೆಯಲ್ಲ, ಟೆಲಿಟೈಪ್. ಕಾಗದದ ಸುರುಳಿಯ ಮೇಲೆ ಕಟಕಟ ಎನ್ನುತ್ತ ಸೆಕೆಂಡಿಗೆ 10 ಅಕ್ಷರ ಕುಟ್ಟುವ ಯಂತ್ರ. ಇಡೀ ಪುಟ ತೋರಿಸು ಎಂದರೆ ನಿಮಿಷಗಟ್ಟಲೆ ಕಾಯಬೇಕು. ಹಾಗಾಗಿ ಪುಟ ನೋಡದೆಯೇ ತಿದ್ದುವುದು ರೂಢಿ. ಹಿಂದೆ ಜಿಲ್ಲಾ ವರದಿಗಾರರು ಫೋನಿನಲ್ಲಿ ಡೆಸ್ಕಿಗೆ ಹೇಳುತ್ತಿದ್ದರಲ್ಲ, ‘ಎರಡನೇ ಪ್ಯಾರಾ, ಮೂರನೇ ಸಾಲು, ಶಿವಮೊಗ್ಗ ತೆಗೆದು ಸಾಗರ ಹಾಕಿ’ ಎಂದು, ಥೇಟ್ ಹಾಗೆ. ಆಜ್ಞೆಗಳೆಲ್ಲ ಒಂದೊಂದೇ ಅಕ್ಷರ. ತಪ್ಪಾದರೆ ‘ಇಡಿ’ ಕೊಡುತ್ತಿದ್ದ ಉತ್ತರವೂ ಒಂದೇ ಅಕ್ಷರ: ‘?’. ಏನು ತಪ್ಪು ಎನ್ನುವುದನ್ನು ನೀವೇ ಯೋಚಿಸಿಕೊಳ್ಳಿ!

ಪರದೆ ಬಂದ ಮೇಲೂ ಈ ಜಿಪುಣತನ ಹೋಗಲಿಲ್ಲ. ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಜಾರ್ಜ್ ಕುಲೂರಿಸ್ 1976ರಲ್ಲಿ ‘ಇಡಿ’ಯನ್ನೇ ತಿದ್ದಿ, ಪರದೆಯ ಮೇಲೆ ಸಾಲನ್ನು ನೋಡುತ್ತ ಬದಲಿಸುವ ‘ಇಎಂ’ ಮಾಡಿದರು. ಹೆಸರಿನ ಅರ್ಥ ‘ಮರ್ತ್ಯರ ಎಡಿಟರ್’. ತಮ್ಮಲ್ಲಿಗೆ ಬಂದಿದ್ದ ಥಾಂಪ್ಸನ್‌ಗೆ ಇದನ್ನು ತೋರಿಸಿದಾಗ, ತಿದ್ದುವಾಗ ಫೈಲನ್ನು ನೋಡುವ ಅಗತ್ಯ ತನಗೆ ಕಾಣುವುದಿಲ್ಲ ಎಂಬರ್ಥದ ಮಾತು ಬಂತೆಂದು ಕುಲೂರಿಸ್ ಹೇಳಿಕೊಂಡಿದ್ದಾರೆ. ಪುಟವೆಲ್ಲ ತಲೆಯಲ್ಲೇ ಇದ್ದವರಿಗೆ ಪರದೆ ಯಾಕೆ? ಉಳಿದವರು ಮರ್ತ್ಯರು.

ಅದೇ ವರ್ಷ ಬೇಸಿಗೆಯಲ್ಲಿ ಕುಲೂರಿಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದಾಗ ‘ಇಎಂ’ ಕೂಡ ಜೊತೆಗೆ ಹೋಯಿತು. ಅದು ಅಲ್ಲಿನ ವಿದ್ಯಾರ್ಥಿ ಬಿಲ್ ಜಾಯ್ ಕಣ್ಣಿಗೆ ಬಿತ್ತು. ಜಾಯ್ ಮತ್ತು ಗೆಳೆಯ ಚಕ್ ಹೇಲಿ ಅದನ್ನು ಬೆಳೆಸಿ ‘ಇಎಕ್ಸ್’ ಮಾಡಿದರು. ಅದರೊಳಗೆ ಇಡೀ ಪರದೆಯನ್ನು ಬಳಸುವ ‘ವಿಶುವಲ್’ ಎಂಬ ಸ್ಥಿತಿಯೊಂದನ್ನು ಜಾಯ್ ಸೇರಿಸಿದರು. ಆ ಪದದ ಮೊದಲ ಎರಡಕ್ಷರವೇ ‘ವಿಐ’. 1979ರ ಬರ್ಕ್ಲಿ ಯುನಿಕ್ಸ್ ಜೊತೆ ಆ ಹೆಸರು ಹೊರಬಂತು.

ಜಾಯ್ ಮನೆಯಿಂದ ಕೆಲಸ ಮಾಡುತ್ತಿದ್ದರು, 300 ಬಾಡ್ ಮೋಡೆಮ್ ಇಟ್ಟುಕೊಂಡು. ಸೆಕೆಂಡಿಗೆ ಹೆಚ್ಚೆಂದರೆ 30 ಅಕ್ಷರ. 24 ಸಾಲು, ಸಾಲಿಗೆ 80 ಅಕ್ಷರದ ಪರದೆ ತುಂಬಲು 1,920 ಅಕ್ಷರ ಬೇಕು. ಅಂದರೆ 64 ಸೆಕೆಂಡು. ಅಷ್ಟರಲ್ಲಿ ಏನು ಬರೆಯಹೊರಟಿದ್ದೆ ಎನ್ನುವುದೇ ಮರೆತೀತು. ಅದಕ್ಕೇ ಲೈನು ನಿಧಾನವಿದ್ದರೆ ‘ವಿಐ’ ಎಂಟೇ ಸಾಲು ತೋರಿಸುತ್ತಿತ್ತು. ಸಾಲು ಅಳಿಸಿದರೆ ಕೆಳಗಿನವನ್ನೆಲ್ಲ ಮೇಲೆತ್ತಿ ಮತ್ತೆ ಬರೆಯುವ ಬದಲು, ಕೆಲವು ಟರ್ಮಿನಲ್‌ಗಳಲ್ಲಿ ಆ ಜಾಗಕ್ಕೆ ಒಂದು ‘@’ ಇಟ್ಟು ಸುಮ್ಮನಾಗುತ್ತಿತ್ತು. ಒಂದೊಂದು ಅಕ್ಷರವೂ ಕೈಯಿಂದ ಬಿಡುವ ಕಾಸು.

ಇನ್ನು ಕೀಲಿಮಣೆ. ಜಾಯ್ ಮುಂದಿದ್ದದ್ದು ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್. ಅದರಲ್ಲಿ ಪ್ರತ್ಯೇಕ ಬಾಣದ ಕೀಲಿಗಳಿಲ್ಲ. ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೇ ಎಡ, ಕೆಳ, ಮೇಲೆ, ಬಲ ಎಂದು ಬಾಣ ಕೊರೆದಿದ್ದರು. ಆ ನಾಲ್ಕೇ ಯಾಕೆಂದರೆ ಅದರ ಹಿಂದೆಯೂ ಒಂದು ಕಥೆ. ಎಚ್ ಇಂಗ್ಲಿಷಿನ 8ನೇ ಅಕ್ಷರ, ಆಸ್ಕಿ ಸಂಕೇತದಲ್ಲಿ 8 ಎಂದರೆ ಒಂದು ಹೆಜ್ಜೆ ಹಿಂದೆ. ಜೆ 10ನೇ ಅಕ್ಷರ, 10 ಎಂದರೆ ಕೆಳಗಿನ ಸಾಲು. ಇಂದು ಟ್ಯಾಬ್ ಇರುವ ಜಾಗದಲ್ಲಿ, ಕಿರುಬೆರಳಿಗೆ ಸಿಗುವಂತೆ, ಎಸ್ಕೇಪ್ ಇತ್ತು. ಮುಂದೆ ಕೀಲಿಮಣೆಗಳು ಬದಲಾಗಿ ಎಸ್ಕೇಪ್ ಮೂಲೆಗೆ ಹೋಯಿತು. ‘ವಿಐ’ ಬಳಸುವವರು ದಿನಕ್ಕೆ ನೂರು ಸಲ ಆ ಮೂಲೆಗೆ ಕೈ ಚಾಚುತ್ತಲೇ ಇದ್ದಾರೆ.

ಇರುವುದೇ ಅಕ್ಷರದ ಕೀಲಿಗಳು. ಅವೇ ಅಕ್ಷರವೂ ಆಗಬೇಕು, ಆಜ್ಞೆಯೂ ಆಗಬೇಕು. ಬರೆಯಲೊಂದು, ಆಜ್ಞೆಗೊಂದು ಎಂದು ‘ವಿಐ’ಗೆ ಎರಡು ಸ್ಥಿತಿಗಳು ಬಂದದ್ದು ಹೀಗೆ. ಹಾಗೆ ಹುಟ್ಟಿದ್ದು ಕೊನೆಗೆ ಒಂದು ಪುಟ್ಟ ಭಾಷೆಯೇ ಆಯಿತು. ಡಿ ಎಂದರೆ ಅಳಿಸು, ಡಬ್ಲ್ಯು ಎಂದರೆ ಪದ. ನಾವು ‘ಪದ ಅಳಿಸು’ ಎನ್ನುತ್ತೇವೆ, ‘ವಿಐ’ಗೆ ‘ಅಳಿಸು ಪದ’ ಎನ್ನಬೇಕು. ಕ್ರಿಯಾಪದವನ್ನು ಕೊನೆಗೆ ಕಾದಿಡುವ ಕನ್ನಡದ ತಲೆಗೆ ಇದು ಮೊದಮೊದಲು ತುಸು ಒಗ್ಗದು.

‘ವಿಐ’ನೊಳಗೆ ‘ಇಡಿ’ಯ ಅಂಶ ಉಳಿದಿದ್ದರಿಂದ, ಬೆಲ್ ಲ್ಯಾಬ್ಸ್‌ನ ಒಡೆಯ ಕಂಪನಿ ಎಟಿ ಅಂಡ್ ಟಿಯ ಪರವಾನಗಿ ಇಲ್ಲದವರು ಅದನ್ನು ಮುಟ್ಟುವಂತಿರಲಿಲ್ಲ. ಜನ ನಕಲು ಮಾಡತೊಡಗಿದರು. ಅಟಾರಿ ಯಂತ್ರಕ್ಕೆ ಬಂದ ‘ಸ್ಟೀವಿ’ ಎಂಬ ನಕಲನ್ನು ಹಿಡಿದು ನೆದರ್‌ಲೆಂಡ್ಸ್‌ನ ಬ್ರಾಮ್ ಮೂಲೆನಾರ್ 1988ರಲ್ಲಿ ತಮ್ಮ ಅಮಿಗಾ ಕಂಪ್ಯೂಟರಿನಲ್ಲಿ ಕೆಲಸ ಶುರುಮಾಡಿದರು. 1991ರಲ್ಲಿ ‘ವಿಮ್’ ಹೊರಬಂತು. ಮೊದಲು ‘ಅನುಕರಣೆ’ ಎಂದಿದ್ದ ಹೆಸರಿನ ಅರ್ಥ ಮುಂದೆ ‘ಸುಧಾರಿತ’ ಎಂದಾಯಿತು. ದುಡ್ಡು ಕೇಳಲಿಲ್ಲ. ಕೊಡುವುದಿದ್ದರೆ ಉಗಾಂಡಾದ ಕಿಬಾಲೆಯ ಮಕ್ಕಳಿಗೆ ಕೊಡಿ ಎಂಬ ಕೋರಿಕೆ ಮಾತ್ರ. 2023ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಆ ಕೋರಿಕೆ ವಿಮ್ ತೆರೆದಾಗ ಮೊದಲ ಪುಟದಲ್ಲಿ ಈಗಲೂ ಕಾಣುತ್ತದೆ.

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಮಳೆಗಾಲಕ್ಕೆ ಫೋನಿಗೆ ಒಂದೇ ಕಡ್ಡಿ ಸಿಗ್ನಲ್. ಬೇರೆಲ್ಲ ಪುಟಗಳು ಗಿರಗಿರ ತಿರುಗುತ್ತಿರುವಾಗಲೂ ಬೆಂಗಳೂರಿನ ಸರ್ವರ್‌ಗೆ ಹೊಕ್ಕು ವಿಮ್ ತೆರೆದರೆ ಕೆಲಸ ನಡೆಯುತ್ತದೆ. ಕನ್ನಡ ಬರೆಯಲು ಮಾತ್ರ ಅದನ್ನು ನೆಚ್ಚುವಂತಿಲ್ಲ. ಟರ್ಮಿನಲ್ ಎಂದರೆ ಚೌಕುಳಿ ಕಾಗದ, ಮನೆಗೊಂದು ಅಕ್ಷರ. ನಮ್ಮ ಒತ್ತಕ್ಷರಗಳಿಗೆ ಅಲ್ಲಿ ಕಾಲು ಚಾಚಲು ಜಾಗವಿಲ್ಲ. ಮೊನ್ನೆ ಸುಮ್ಮನೆ ‘ಸ್ತ್ರೀ’ ಎಂದು ಬರೆದು ನೋಡಿದೆ. ಸ, ತ, ರ ಬೇರೆ ಬೇರೆಯಾಗಿ ನಿಂತವು. ಉಳಿಸಿದಾಗ ಕೆಳಗೆ ಲೆಕ್ಕ ಬಂತು: ಒಂದು ಸಾಲು, 19 ಬೈಟ್. ಸಾಲಿನ ಕೊನೆಯ ಗುರುತಿಗೆ ಒಂದು ಕಳೆದರೆ, ಈ ಒಂದಕ್ಷರಕ್ಕೇ 18. ಬಿಲ್ ಜಾಯ್ ಮನೆಯ ಮೋಡೆಮ್‌ನಲ್ಲಾದರೆ ಅದು ದಾಟಲು ಅರ್ಧ ಸೆಕೆಂಡಿಗೂ ಮೇಲೆ ಹಿಡಿಯುತ್ತಿತ್ತು.