ಪಾಂಡಾ ಮರಳಿ ಕಾಡಿಗೆ

ಕರಿಯ ಕಿವಿ, ಕಣ್ಣ ಸುತ್ತ ಕರಿಯ ಕಟ್ಟು, ದುಂಡನೆಯ ಬಿಳಿ ಮೈ. ಪಾಂಡಾ ಎಂದರೆ ಯಾವ ಮಗುವಿಗೆ ತಾನೆ ಅಚ್ಚುಮೆಚ್ಚಲ್ಲ? 1961ರಲ್ಲಿ ಸ್ಥಾಪನೆಯಾದ ವಿಶ್ವ ವನ್ಯಜೀವಿ ನಿಧಿಯು ಇದನ್ನೇ ತನ್ನ ಲಾಂಛನವಾಗಿ ಆರಿಸಿಕೊಂಡಿತು. ಆದರೆ ನಾವು ಚಿತ್ರದಲ್ಲಿ ಕಾಣುವಷ್ಟು ಸುಖದ ಬಾಳು ಈ ಪ್ರಾಣಿಯದಲ್ಲ.

ಚೀನಾ ದೇಶದ ಸಿಚುವಾನ್, ಶಾನ್‌ಶಿ, ಗಾನ್ಸು ಪ್ರಾಂತಗಳ ಬೆಟ್ಟದ ಕಾಡುಗಳೇ ಪಾಂಡಾದ ತವರು. ಕರಡಿಯ ಕುಲದ್ದಾದರೂ ಅದರ ಊಟ ಬಹುಮಟ್ಟಿಗೆ ಬಿದಿರೊಂದೇ. ಜಠರ ಮಾತ್ರ ಮಾಂಸಾಹಾರಿಗಳದು! ತಿಂದದ್ದರಲ್ಲಿ ಅರಗುವುದು ಸ್ವಲ್ಪವೇ ಆದ್ದರಿಂದ ದಿನವೂ ಹತ್ತಾರು ಕಿಲೋ ಬಿದಿರನ್ನು ಮೆಲ್ಲುತ್ತಲೇ ಇರಬೇಕು. ಬಿದಿರು ಹೂಬಿಟ್ಟಿತೆಂದರೆ ಮೆಳೆಗೆ ಮೆಳೆಯೇ ಒಣಗುವುದನ್ನು ನಮ್ಮ ಮಲೆನಾಡಿನವರು ಬಲ್ಲರು. ಹಾಗಾದಾಗ ಪಾಂಡಾ ಹಿಂದೆಲ್ಲ ಬೇರೆ ಬಿದಿರಿರುವ ಕಡೆಗೆ ಹೋಗಿ ಬದುಕುತ್ತಿತ್ತು. ನಡುವಿನ ಕಾಡು ಕಡಿದು ಹೊಲ, ರಸ್ತೆಗಳಾದ ಮೇಲೆ ಎಷ್ಟೋ ಕಡೆ ಆ ದಾರಿ ಮುಚ್ಚಿತು.

ಸಾಕಿ ಉಳಿಸೋಣವೆಂದರೆ ಅದೂ ಸುಲಭವಲ್ಲ. ಹೆಣ್ಣು ಬೆದೆಗೆ ಬರುವುದು ವರ್ಷಕ್ಕೊಮ್ಮೆ, ಅದೂ ಎರಡು ಮೂರು ದಿನ ಮಾತ್ರ. ಹುಟ್ಟಿದ ಮರಿಯ ತೂಕ ಸುಮಾರು 100 ಗ್ರಾಂ. ಅವಳಿ ಹುಟ್ಟಿದರೆ ತಾಯಿ ಸಾಮಾನ್ಯವಾಗಿ ಒಂದನ್ನೇ ಸಾಕುತ್ತದೆ. ಇದಕ್ಕೆ ಪಾಲಕರು ಒಂದು ಉಪಾಯ ಹೂಡಿದರು. ಮರಿಗಳನ್ನು ಸರದಿಯಂತೆ ಅದಲುಬದಲು ಮಾಡಿ, ಎರಡಕ್ಕೂ ತಾಯಿಯ ಮಡಿಲು ದೊರೆಯುವಂತೆ ಮಾಡಿದರು. 1987ರಲ್ಲಿ ಕಾಡಿನಿಂದ ರಕ್ಷಿಸಿ ತಂದ 6 ಪಾಂಡಾಗಳಿಂದ ಆರಂಭವಾದ ಚೆಂಗ್ಡು ಕೇಂದ್ರದಲ್ಲಿ ಇಂದು ಅವುಗಳ ಸಂಖ್ಯೆ 200ನ್ನು ಮೀರಿದೆ.

ಆದರೆ ಸಾಕಿದ ಮರಿ ಕಾಡಿನಲ್ಲಿ ಬಾಳೀತೆ? 2006ರಲ್ಲಿ ವೊಲೊಂಗ್‌ನಲ್ಲಿ ಕಾಡಿಗೆ ಬಿಟ್ಟ ಷಿಯಾಂಗ್ ಷಿಯಾಂಗ್ ಎಂಬ ಗಂಡು ಪಾಂಡಾ ಮರುವರ್ಷವೇ ಸತ್ತುಬಿದ್ದಿತ್ತು. ಕಾಡು ಪಾಂಡಾಗಳೊಡನೆ ಕಾದಾಡುವಾಗ ಅದಕ್ಕೆ ಪೆಟ್ಟಾಗಿತ್ತೆಂದು ತಜ್ಞರು ಊಹಿಸಿದರು. ಆಮೇಲೆ ಕ್ರಮವೇ ಬದಲಾಯಿತು. 2010ರಲ್ಲಿ ಹುಟ್ಟಿದ ತಾವೊ ತಾವೊವನ್ನು ತಾಯಿಯೇ ಅರೆಕಾಡಿನಂಥ ಆವರಣದಲ್ಲಿ ಬೆಳೆಸಿತು. ಮನುಷ್ಯರ ಸಲಿಗೆ ಹತ್ತಬಾರದೆಂದು ಪಾಲಕರು ಪಾಂಡಾ ವೇಷ ತೊಟ್ಟೇ ಬಳಿಗೆ ಹೋಗುತ್ತಿದ್ದರು! 2012ರಲ್ಲಿ ಕಾಡು ಸೇರಿದ ಅದು ಐದು ವರ್ಷಗಳ ಮೇಲೆ ಪರೀಕ್ಷಿಸಿದಾಗಲೂ ಆರೋಗ್ಯವಾಗಿತ್ತು.

2015ರಲ್ಲಿ ಪ್ರಕಟವಾದ ಗಣತಿಯಂತೆ ಕಾಡಿನಲ್ಲಿದ್ದ ಪಾಂಡಾಗಳು 1,864. ಆದರೆ ಅವು 33 ಬೇರೆ ಬೇರೆ ಗುಂಪುಗಳಾಗಿ ಹಂಚಿಹೋಗಿದ್ದವು. ಈ ತುಂಡುಗಳನ್ನು ಬೆಸೆಯಲೆಂದೇ 2021ರಲ್ಲಿ ಸುಮಾರು 22,000 ಚದರ ಕಿಲೋಮೀಟರಿನ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. ಮೃಗಾಲಯದಲ್ಲಿ ಪಾಂಡಾವನ್ನು ಕಂಡು ನಾವು ನಲಿಯಬಹುದು. ಆದರೆ ಒಂದು ಬೆಟ್ಟದ ಬಿದಿರು ಒಣಗಿದಾಗ ಇನ್ನೊಂದಕ್ಕೆ ಹೋಗಲು ದಾರಿ ಉಳಿದಿದ್ದರೆ ಮಾತ್ರ ಅದರ ಕುಲ ತನ್ನ ಕಾಲ ಮೇಲೆ ತಾನು ನಿಂತೀತು.