ಕಪಿಲೆಯ ಹಿನ್ನೀರಿನ ದಡದಲ್ಲಿ

ರಜೆ ಬಂತೆಂದರೆ ನಮ್ಮ ಧರ್ಮಕೇಂದ್ರಗಳ ಯುವಜನರು ಹೆಗ್ಗಡದೇವನಕೋಟೆಯ ಕಾಡಂಚಿನ ಜಲಾಶಯಗಳತ್ತ ನಡಿಗೆಗೂ ಈಜಿಗೂ ಹಂಬಲಿಸುವುದು ಸಹಜ. ಆದರೆ 1974ರಲ್ಲಿ ಬೀಚನಹಳ್ಳಿಯ ಬಳಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನ ಹಿನ್ನೀರು ನಾಗರಹೊಳೆ, ಬಂಡೀಪುರ ಅರಣ್ಯಗಳ ನಡುವೆ ಹಬ್ಬಿದೆ, ಅದರಲ್ಲಿ ಮೊಸಳೆಗಳಿವೆ. ಬೇಸಿಗೆಯಲ್ಲಿ ನೀರಿಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ. ಆ ದಡ ಅವುಗಳ ಊಟದ ಮನೆ.

ಇದೇ ನೀರಿನಡಿ ಹಳ್ಳಿಗಳೂ ಆದಿವಾಸಿಗಳ ಹಾಡಿಗಳೂ ಮುಳುಗಿವೆ. ನಮ್ಮ ನಾಡಿನ ಗದ್ದೆಗಳು ಹಸಿರಾಗಲೆಂದು ಅವರು ಮನೆ ತೊರೆಯಬೇಕಾಯಿತು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ವಿಶ್ವಪತ್ರದಲ್ಲಿ ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಆಲಿಸುವಂತೆ ಕರೆಯಿತ್ತರು.

ಆದುದರಿಂದ ನೀರಿಗಿಳಿಯದೆ, ಅನುಮತಿಯಿಲ್ಲದೆ ಕಾಡು ಹೊಗದೆ, ದೂರದಲ್ಲೇ ನಿಂತು ನೋಡೋಣ. ಮನೆ ಕಳೆದುಕೊಂಡವರಿಗಾಗಿ ಒಂದು ಗಳಿಗೆ ಪ್ರಾರ್ಥಿಸೋಣ.