ಸಸ್ಯಜನ್ಯ ಪ್ಲಾಸ್ಟಿಕ್ಕಿನ ಹುಟ್ಟು ಮತ್ತು ಅಳಿವು

‘ಜೈವಿಕ ಪ್ಲಾಸ್ಟಿಕ್’ ಎಂಬ ಮಾತು ಈಗ ಅಂಗಡಿಯ ಚೀಲಗಳ ಮೇಲೂ ಲೋಟಗಳ ಮೇಲೂ ಅಚ್ಚಾಗಿ ಬರುತ್ತಿದೆ. ಶಬ್ದಾರ್ಥವನ್ನು ವಿಚಾರಿಸಿದರೆ ಇದರಲ್ಲಿ ಎರಡು ಅರ್ಥಗಳು ಬೆರೆತಿರುವುದು ಗೋಚರವಾಗುತ್ತದೆ. ಜೀವಿಗಳಿಂದ ಹುಟ್ಟಿದುದು ಎಂಬುದೊಂದು. ಜೀವಾಣುಗಳಿಂದ ಅಳಿಯತಕ್ಕುದು ಎಂಬುದು ಇನ್ನೊಂದು. ಮೊದಲನೆಯದಿದ್ದಲ್ಲಿ ಎರಡನೆಯದೂ ಇದ್ದೇ ತೀರಬೇಕೆಂಬ ನಿಯಮವಿಲ್ಲ. ಬ್ರೆಜಿಲ್ ದೇಶದಲ್ಲಿ 2010ರಿಂದ ಕಬ್ಬಿನ ಮದ್ಯಸಾರದಿಂದ ದೊಡ್ಡ ಪ್ರಮಾಣದಲ್ಲಿ ಪಾಲಿಥೀನನ್ನು ತಯಾರಿಸುತ್ತಿದ್ದಾರೆ. ಮೂಲವು ಕಬ್ಬಾದರೂ ಗುಣದಲ್ಲಿ ಅದು ಖನಿಜತೈಲದ ಪಾಲಿಥೀನೇ, ಮಣ್ಣಿನಲ್ಲಿ ಕೊಳೆಯದು.

ಎರಡು ಲಕ್ಷಣಗಳೂ ಕೂಡಿದ ಪದಾರ್ಥಗಳು ಇಲ್ಲದಿಲ್ಲ. ಒಂದು ಬಗೆಯ ಬ್ಯಾಕ್ಟೀರಿಯವು, ನಮ್ಮ ದೇಹವು ಕೊಬ್ಬನ್ನು ಸಂಗ್ರಹಿಸುವಂತೆ, ಪ್ಲಾಸ್ಟಿಕ್ಕಿನಂತಹ ವಸ್ತುವನ್ನು ತನ್ನೊಳಗೆ ಕೂಡಿಡುವುದೆಂಬುದನ್ನು 1926ರಲ್ಲಿ ಪಾಶ್ಚರ್ ಸಂಸ್ಥೆಯ ಮೋರಿಸ್ ಲೆಮ್ವಾನ್ ಕಂಡುಹಿಡಿದರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಪಿ.ಎಲ್.ಎ. ಮೆಕ್ಕೆಜೋಳದ ಪಿಷ್ಟವನ್ನು ಸಕ್ಕರೆಯಾಗಿಸಿ ಹುದುಗಿಸಿದರೆ ಲ್ಯಾಕ್ಟಿಕ್ ಆಮ್ಲ ದೊರೆಯುತ್ತದೆ. ನಮ್ಮ ಮನೆಯ ಮೊಸರಿನ ಹುಳಿಯೂ ಇದೇ. ಅದರ ಅಣುಗಳನ್ನು ಸರಪಣಿಯಾಗಿ ಹೆಣೆದುದೇ ಪಿ.ಎಲ್.ಎ. ಇದರಿಂದ ಖನಿಜತೈಲದ ಅವಲಂಬನೆ ತಗ್ಗುವುದು. ಈ ವರ್ಗದ ವಸ್ತುಗಳಿಂದಾದ ಶಸ್ತ್ರಚಿಕಿತ್ಸೆಯ ಹೊಲಿಗೆಯ ದಾರವು ಗಾಯ ಮಾಯುವ ಹೊತ್ತಿಗೆ ಒಡಲಿನಲ್ಲಿಯೇ ಕರಗಿಹೋಗುವುದು ಸಾಮಾನ್ಯ ಉಪಕಾರವಲ್ಲ.

ಆದರೆ ಲೋಟದ ಮಾತು ಬೇರೆ. ಎರಡು ವರ್ಷಗಳ ಹಿಂದೆ, ‘ಮಣ್ಣಲ್ಲಿ ಮಣ್ಣಾಗುವುದು’ ಎಂಬ ವ್ಯಾಪಾರಿಯ ಮಾತನ್ನು ನಂಬಿ, ಇಂತಹ ಲೋಟವೊಂದನ್ನು ನಾನು ಹಿತ್ತಲ ಗೊಬ್ಬರದ ಗುಂಡಿಗೆ ಹಾಕಿದೆನು. ಜೊತೆಗೆ ಹಾಕಿದ್ದ ಮುತ್ತುಗದ ಪತ್ರಾವಳಿ ಒಂದೇ ಮಳೆಗಾಲದಲ್ಲಿ ಗೊಬ್ಬರವಾಯಿತು. ಲೋಟವು ಇಂದಿಗೂ ಲೋಟವಾಗಿಯೇ ಇದೆ. ಕಾರಣವಿಷ್ಟೆ: ಪಿ.ಎಲ್.ಎ. ಬೇಗನೆ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಶಾಖವೂ ತೇವವೂ ವಾರಗಟ್ಟಲೆ ನಿಲ್ಲಬೇಕು. ದೊಡ್ಡ ಗೊಬ್ಬರ ಘಟಕಗಳಲ್ಲಿ ಇದು ಸಾಧ್ಯ. ಹಿತ್ತಲಲ್ಲಿ, ಹೊಲದಲ್ಲಿ, ಕಡಲಿನಲ್ಲಿ ಸಾಧ್ಯವಿಲ್ಲ. ಸಾಮಾನ್ಯ ಪ್ಲಾಸ್ಟಿಕ್ ಬಾಟಲಿಗಳೊಡನೆ ಬೆರೆತರೆ ಅವುಗಳ ಮರುಬಳಕೆಯನ್ನೂ ಇದು ಕೆಡಿಸುತ್ತದೆ. ಬೆಲೆ ಹೆಚ್ಚೆಂಬುದನ್ನೂ, ಮೆಕ್ಕೆಜೋಳಕ್ಕೆ ನೆಲ, ನೀರು, ಗೊಬ್ಬರಗಳು ಬೇಕೆಂಬುದನ್ನೂ ಮರೆಯುವಂತಿಲ್ಲ.

ನಮ್ಮ ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷೇಧಕ್ಕೊಳಗಾದಾಗ, ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ಕಿಗೆ ವಿನಾಯಿತಿ ದೊರೆಯಿತು. ಆ ವಿನಾಯಿತಿ ಸಾರ್ಥಕವಾಗುವುದು ಬಳಸಿದ ವಸ್ತು ಶಾಖವುಳ್ಳ ಗೊಬ್ಬರ ಘಟಕವನ್ನು ತಲುಪಿದಾಗ ಮಾತ್ರ. ಆದುದರಿಂದ ಸಮಾರಂಭಗಳಿಗೆಂದು ಇಂತಹ ತಟ್ಟೆ ಲೋಟಗಳನ್ನು ಉದಾರವಾಗಿ ಒದಗಿಸುವ ಮಹನೀಯರು, ಕೊಳ್ಳುವ ಮುನ್ನ, ತಮ್ಮ ಊರಿನ ಕಸ ಎಲ್ಲಿಗೆ ಹೋಗುತ್ತದೆಂಬುದನ್ನು ವಿಚಾರಿಸುವುದು ಒಳಿತು. ಅಂತಹ ಘಟಕವಿರುವ ನಗರದಲ್ಲಿ ಹಸಿ ಕಸ ತುಂಬುವ ಚೀಲಕ್ಕೆ ಈ ಪ್ಲಾಸ್ಟಿಕ್ ಯುಕ್ತವಾದುದು. ನಮ್ಮ ಪಂಕ್ತಿಗೆ ಪತ್ರಾವಳಿಯೇ ಸಾಕು.